ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ನಡೆದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಾನು ಸ್ಟುಡಿಯೋದಲ್ಲಿಲ್ಲ. ಕಳಸದ ಹತ್ತಿರದ ಸಂಸೆಯಲ್ಲಿ, ನಮ್ಮನೆ ಜಗಲಿ ಮೇಲೆ ಕೂತು ಮಾತಾಡ್ತಿದ್ದೀನಿ. ಮಾತಿನ ಹಿಂದೆ ಕೇಳ್ತಿರೋದು ಮಳೆ ಸದ್ದು. ಅದನ್ನ ನಿಲ್ಲಿಸೋಕೆ ಆಗಲ್ಲ, ಸಹಿಸ್ಕೊಳ್ಳಿ.

ನಮ್ಮ ಕಡೆ ವರ್ಷಕ್ಕೆ ಎರಡು ರಂಗಸ್ಥಳ. ಮಳೆ ಬಿಟ್ಟ ಮೇಲೆ, ಹೆಚ್ಚುಕಮ್ಮಿ ನವೆಂಬರ್‌ನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ. ಮಳೆ ಹಿಡೀತು ಅಂದ್ರೆ ಟಿ.ವಿ. ಧಾರಾವಾಹಿ, ಅದೂ ಕರೆಂಟ್ ಇದ್ರೆ. ಮೊದಲನೆಯದನ್ನ ನಾವು ಕಲೆ ಅಂತೀವಿ, ಎರಡನೆಯದನ್ನ ಹೆಂಗಸರ ಟೈಂಪಾಸ್ ಅಂತೀವಿ. ನಾನೂ ಹಾಗೇ ಅಂತಿದ್ದೆ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯ್ತು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕುವ ತಾಯಿ ಕತೆ. ‘ಅದೇ ಅಳು, ಅದೇ ಜಗಳ’ ಅಂತ ನಾನು ರೇಗಿಸಿದಾಗ ಅಮ್ಮ ಅಂದ್ರು: ‘ಸುಮ್ನೆ ಕೂತ್ಕೋ ಮಾರಾಯ. ಅವಳು ಸೆರಗು ಸಿಕ್ಕಿಸಿಕೊಳ್ಳೋದು ನೋಡು. ಅದು ನಾಟಕ ಅಲ್ಲ.’

ಆ ಮಾತು ತಲೇಲಿ ಉಳೀತು. ಆ ಸೆರಗು ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಗೋದು ರಂಗಭೂಮಿ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ. ಎರಡು ಮಕ್ಕಳನ್ನ ಒಂಟಿಯಾಗಿ ಸಾಕಿದವರು. ನಾಟಕ ಅವರಿಗೆ ಹವ್ಯಾಸವೂ ಹೌದು, ಅನ್ನವೂ ಹೌದು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಹುಂಜವನ್ನ ಹುಡುಕುತ್ತಾ ಅಲೆಯುವ ಮುದುಕಿ ಸಾಕವ್ವ ಆದರು. ಇನ್ನೂ ಹರೆಯ, ವೇಷ ಮಾತ್ರ ಮುದುಕಿಯದು. ಆ ಸಾಕವ್ವನನ್ನ ನೋಡಿದವರು ಇವತ್ತಿಗೂ ನೆನೆಸ್ಕೊಳ್ತಾರೆ.

ಆದ್ರೆ ಹೊರಗಿನ ಜನ ಗುರುತು ಹಿಡಿದಿದ್ದು ಬೇರೆ ಉಮಾಶ್ರೀಯನ್ನ. 1984ರ ಕಾಶೀನಾಥ್ ಅವರ ‘ಅನುಭವ’ ಆದ ಮೇಲೆ ವರ್ಷಗಟ್ಟಲೆ ಹಾಸ್ಯದ ಪಾತ್ರಗಳು, ಎರಡರ್ಥದ ಮಾತುಗಳು. ಆ ಸಿನಿಮಾಗಳನ್ನ ನೋಡಿ ನಕ್ಕವರೇ, ಹೊರಗೆ ಬಂದು ಆಕೆಯ ಬಗ್ಗೆ ಹಗುರವಾಗಿ ಮಾತಾಡಿದ್ದೂ ಉಂಟು. ಸಂಭಾಷಣೆ ಬರೆದವರನ್ನ ಯಾರೂ ಕೇಳಲಿಲ್ಲ. ಹೇಳಿದವಳ ಮೇಲೇ ಎಲ್ಲ ಮೆತ್ತಿದರು. ಇದು ನಟಿಯರ ಪಾಲಿಗೆ ಹಳೇ ಲೆಕ್ಕ.

ಆಮೇಲೆ ಬಂತು ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’. ಮೂಲ ವೈದೇಹಿ ಅವರ ಕತೆ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿ, ಸಿನಿಮಾ ಹುಚ್ಚಿನವಳು. ಅವಳ ಮನೆಗೊಂದು ಟಿ.ವಿ. ಬರುತ್ತೆ, ಅಕ್ಕಪಕ್ಕದ ಹೆಂಗಸರು ಅದರ ಮುಂದೆ ಸೇರ್ತಾರೆ. ಈ ಪಾತ್ರಕ್ಕೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಸಿಕ್ತು. ನೋಡಿ, ಟಿ.ವಿ. ಮುಂದೆ ಕೂರುವ ಹೆಂಗಸಾಗಿ ದೇಶದ ದೊಡ್ಡ ಪ್ರಶಸ್ತಿ ಪಡೆದವರು, ವರ್ಷಗಳ ನಂತರ ಅಂಥ ಹೆಂಗಸರಿಗಾಗಿಯೇ ಟಿ.ವಿ. ಒಳಗೆ ಬಂದರು.

ನಡುವೆ ರಾಜಕೀಯವೂ ಇತ್ತು. 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು, 2018ರಲ್ಲಿ ಸೋತರು. ಸೋತವರು ಮತ್ತೆ ಬಣ್ಣ ಹಚ್ಚಿದರು. ಧಾರಾವಾಹಿ ಜೊತೆಗೆ, ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನೂ ಕೈಗೆತ್ತಿಕೊಂಡರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಜೊತೆ ಯಕ್ಷಗಾನದ ಮಂಥರೆಯಾಗಿ ಕುಣಿದರು. ಆಗ ವಯಸ್ಸು 67.

ಆ ಸುದ್ದಿಯನ್ನ ಅಮ್ಮನಿಗೆ ಫೋನಲ್ಲಿ ಹೇಳಿದೆ. ‘ಪುಟ್ಟಕ್ಕ ಆಟಕ್ಕೂ ಬಂದ್ಲಾ?’ ಅಂತ ಖುಷಿಪಟ್ಟರು. ನಾನು ಎರಡು ಮಾಡಿಟ್ಟಿದ್ದ ರಂಗಸ್ಥಳ ಅವರಿಗೆ ಯಾವತ್ತೂ ಒಂದೇ ಆಗಿತ್ತು. ಉಮಾಶ್ರೀಗೂ ಹಾಗೇ ಇರ್ಬೇಕು. ಪಾತ್ರದ ಮೇಲು ಕೀಳು ನೋಡೋದು ನಮ್ಮ ಚಟ. ಸಿಕ್ಕ ಪಾತ್ರಕ್ಕೆ ಜೀವ ತುಂಬೋದು ಅವರ ಕಸುಬು.

ಅಮ್ಮ ಒಳಗಿಂದ ಕರೀತಿದ್ದಾರೆ, ಡಿಶ್ ಸಿಗ್ನಲ್ ಹೋಯ್ತಂತೆ. ಇವತ್ತಿನ ಕತೆ ಏನಾಯ್ತು ಅಂತ ಮೊಬೈಲಲ್ಲಿ ನೋಡಿ ಹೇಳೋ ಕೆಲಸ ನಂದೇ. ಮುಂದಿನ ವಾರ ಸಿಗೋಣ.