ದಿನಕ್ಕೆ ಎರಡೇ ಲೆಕ್ಕ
(ಸುವರ್ಣ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಗುರಿ ಮುಟ್ಟುವ ತನಕ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂದು ನಾಲ್ಕು ಮಾತು ಹೇಳಿ ಅಂತ ಮುಖ್ಯ ಶಿಕ್ಷಕರು ಕರೆದಾಗ ನನಗೆ ನಗು ಬಂತು. ನಮ್ಮ ಶಾಲೆಯಲ್ಲಿ ಓದಿ ಡಾಕ್ಟರ್, ಇಂಜಿನಿಯರ್ ಆದವರು ಇಲ್ಲಿದ್ದಾರೆ. ನಾನು ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಅದೂ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ನಪಾಸಾದವನು. ಬಹುಶಃ ಅದಕ್ಕೇ ಕರೆದಿರಬೇಕು.

1986ರಲ್ಲಿ ಗಣಿತದಲ್ಲಿ ನನಗೆ ಬಂದದ್ದು 18. ಆಗ ಪಾಸಾಗಲು 35 ಬೇಕಿತ್ತು. ಅಪ್ಪ ಬೈಯಲಿಲ್ಲ, ಮಾರನೇ ದಿನವೇ ಹೋಬಳಿಯ ಒಂದು ದಿನಸಿ ಅಂಗಡಿಗೆ ಕೆಲಸಕ್ಕೆ ಸೇರಿಸಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು. ಒಂದು ಸಂತೆ ದಿನ ನಮ್ಮ ಗಣಿತದ ಮೇಷ್ಟ್ರು ಅಂಗಡಿಗೆ ಬಂದರು. ಒಂದೂಕಾಲು ಕೆ.ಜಿ. ಬೇಳೆ, ಮುಕ್ಕಾಲು ಕೆ.ಜಿ. ಬೆಲ್ಲ, ಇನ್ನೂ ಏನೇನೋ ಕೊಂಡರು. ನಾನು ಬಾಯಲ್ಲೇ ಕೂಡಿ ದುಡ್ಡು ಹೇಳಿದೆ.

"ಅಲ್ಲಯ್ಯಾ, ಇಲ್ಲಿ ಬರೋ ಲೆಕ್ಕ ಪರೀಕ್ಷೇಲಿ ಯಾಕೆ ಬರಲ್ಲ?" ಅಂದರು. ನಾನು ತಲೆ ತಗ್ಗಿಸಿದೆ. "ದಿನಕ್ಕೆ ಎರಡು ಲೆಕ್ಕ ಮಾಡು. ಎರಡೇ. ಪ್ರತಿ ಸಂತೆಗೆ ಬರ್ತೀನಿ, ನೋಟ್‌ಬುಕ್ ತೋರಿಸು" ಅಂತ ಹೇಳಿ ಚೀಲ ಎತ್ತಿಕೊಂಡು ಹೋದರು.

ಆ ರಾತ್ರಿ ನನ್ನ ಹುಮ್ಮಸ್ಸು ಕೇಳಬೇಡಿ. ಬುಡ್ಡಿ ದೀಪದಲ್ಲಿ ಇಪ್ಪತ್ತು ಲೆಕ್ಕ ಮಾಡಿದೆ. ಮಾರನೇ ದಿನ ಸುಸ್ತು. ಅದರ ಮಾರನೇ ದಿನ ಅಂಗಡಿಗೆ ಲೋಡು ಬಂತು. ಹೀಗೇ ವಾರ ಕಳೆಯಿತು. ಮೇಷ್ಟ್ರು ನೋಟ್‌ಬುಕ್ ನೋಡಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಕೋಪ ಬಂತು. "ಎರಡು ಅಂದಿದ್ದೆ. ಇಪ್ಪತ್ತು ಮಾಡು ಅಂತ ಯಾರು ಹೇಳಿದ್ದು?" ಮಾಡದೇ ಬಿಟ್ಟದ್ದಕ್ಕಿಂತ ಹೆಚ್ಚು ಮಾಡಿದ್ದಕ್ಕೆ ಬೈಸಿಕೊಂಡವನು ಈ ಶಾಲೆಯ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು.

ಎರಡನೇ ಸಲ 31 ಬಂತು. ನಾಲ್ಕೇ ಅಂಕ! 18 ಬಂದಾಗ ಆಗದಷ್ಟು ಸಂಕಟ ಆಗ ಆಯಿತು. ಪುಸ್ತಕಗಳನ್ನು ಒಲೆಗೆ ಹಾಕ್ತೀನಿ ಅಂತ ಅವ್ವನ ಹತ್ತಿರ ಕೂಗಾಡಿದೆ. ಸಂತೆ ದಿನ ಮೇಷ್ಟ್ರು ಬಂದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ನೋಟ್‌ಬುಕ್ ಇಸಕೊಂಡು ಖಾಲಿ ಬಿಟ್ಟ ದಿನಗಳನ್ನು ಕೆಂಪು ಪೆನ್ನಿನಲ್ಲಿ ಎಣಿಸಿದರು. ನಲವತ್ತೊಂದು. "ನಿನ್ನ ನಾಲ್ಕು ಅಂಕ ಇಲ್ಲಿದೆ" ಅಂದರು. ಮೂರನೇ ಸಲ ನನಗೆ 44 ಬಂತು.

ಆಮೇಲೆ ಒಂದು ಸುದ್ದಿ ಓದಿ ಮೇಷ್ಟ್ರು ನೆನಪಾದರು. ಸಾಲುಮರದ ತಿಮ್ಮಕ್ಕ, ಅವರ ಯಜಮಾನರು ಚಿಕ್ಕಯ್ಯ ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದ್ದು ನಿಮಗೆಲ್ಲ ಗೊತ್ತು. ಆದರೆ ಮೊದಲ ವರ್ಷ ನೆಟ್ಟದ್ದು 10 ಸಸಿ. ಮರುವರ್ಷ 15, ಅದರ ಮುಂದಿನ ವರ್ಷ 20. ನೆಟ್ಟ ಮೇಲೆ ಬಿಂದಿಗೆಯಲ್ಲಿ ನೀರು ಹೊರಬೇಕಿತ್ತಲ್ಲ. ಹೊರುವಷ್ಟೇ ನೆಟ್ಟರು ಅಂತ ನಾನು ತಿಳಿದುಕೊಂಡಿದ್ದೇನೆ. ಪದ್ಮಶ್ರೀ ಬಂದದ್ದು 2019ರಲ್ಲಿ.

ನನಗೂ ದಿನಾ ಬೆಳಿಗ್ಗೆ ಸಂಘದ ಬಾಗಿಲು ತೆಗೆಯಲು ಉತ್ಸಾಹ ಇರುತ್ತೆ ಅಂದುಕೊಳ್ಳಬೇಡಿ. ಮಾಗಿ ಚಳಿಯಲ್ಲಿ ಖಂಡಿತ ಇರಲ್ಲ. ಆದರೆ ಹಾಲು ಹಿಡಿದುಕೊಂಡು ಜನ ನಿಂತಿರುತ್ತಾರೆ. ಹೋಗಿ ನಿಂತು ಲ್ಯಾಕ್ಟೋಮೀಟರ್ ಕೈಗೆ ತಗೊಂಡ ಮೇಲೆ ಮನಸ್ಸು ತಾನೇ ಬರುತ್ತೆ. ಮೊಬೈಲ್‌ನಲ್ಲಿ ಸ್ಫೂರ್ತಿಯ ವಿಡಿಯೋ ನೋಡುತ್ತಾ ಮನಸ್ಸು ಬರಲಿ ಅಂತ ಕಾಯುವ ನನ್ನ ಮಗನಿಗೂ ಇದನ್ನೇ ಹೇಳುತ್ತೇನೆ. ಅವನು ಕೇಳುವುದಿಲ್ಲ, ಅದು ಬೇರೆ ಮಾತು.

ಮಕ್ಕಳೇ, ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಆದರೂ ಒಂದು ಸಲ ಹೋದರೆ ಮನೆಯಿಂದ ಹೊರಗೇ ಬರದ ಮಕ್ಕಳನ್ನು ನಮ್ಮ ಊರಲ್ಲೇ ನೋಡಿದ್ದೇನೆ. ನಿಮ್ಮ ನೋಟ್‌ಬುಕ್ ನೋಡಲು ಯಾರೂ ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ಸಂಘದ ಜಗಲಿಗೆ ಬನ್ನಿ. ಹೋದ ವರ್ಷ ಮೂವರು ಬರುತ್ತಿದ್ದರು. ನನಗೆ ಈಗಿನ ಗಣಿತ ಪೂರ್ತಿ ಬರಲ್ಲ. ಖಾಲಿ ಬಿಟ್ಟ ದಿನ ಎಣಿಸಲು ಬರುತ್ತೆ. ಕೆಂಪು ಪೆನ್ನು ಇಟ್ಟಿದ್ದೇನೆ.

ಸಂಜೆ ಹಾಲಿನ ಹೊತ್ತಾಯಿತು, ಅಪ್ಪಣೆ ಕೊಡಿ.