ಹತ್ತಿರದ ದ್ವೀಪ ಕೇಳಿಸದಿದ್ದಾಗ



ನಮ್ಮ ಕಲಘಟಗಿಯಿಂದ ಲಕ್ಷದ್ವೀಪದ ಕವರತ್ತಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 600 ಕಿಲೋಮೀಟರ್ ಕೂಡ ಆಗುವುದಿಲ್ಲ. 2007ರ ಜನವರಿಯಲ್ಲಿ ಆ ದ್ವೀಪಗಳಿಂದ ವಿಯು7ಆರ್‌ಜಿ ಎಂಬ ಹ್ಯಾಮ್ (ಹವ್ಯಾಸಿ) ರೇಡಿಯೊ ನಿಲಯ ಮಾತಾಡತೊಡಗಿದಾಗ ದೇಶದೇಶಗಳ ಹವ್ಯಾಸಿಗಳು ಅದನ್ನು ಹಿಡಿಯಲು ಮುಗಿಬಿದ್ದರು. ಯುರೋಪಿನಲ್ಲಿ ಕೂತವನಿಗೆ ಸ್ಪಷ್ಟವಾಗಿ ಕೇಳುವ ಇಂಥ ನಿಲಯ ಅದೇ ಗಳಿಗೆಯಲ್ಲಿ, ಅದೇ ಬ್ಯಾಂಡಿನಲ್ಲಿ, ನಮ್ಮ ತಾಲ್ಲೂಕಿನಲ್ಲಿ ಕೂತವನಿಗೆ ಒಂದಕ್ಷರವೂ ಕೇಳಿಸದೆ ಹೋಗಬಹುದು.

ಕಾರಣ ಆಕಾಶದಲ್ಲಿದೆ. ನೆಲದಿಂದ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿನ ಕಿರಣಗಳಿಂದ ವಿದ್ಯುದಂಶ ಪಡೆದ ಗಾಳಿಯ ಪದರವೊಂದಿದೆ. ಓರೆಯಾಗಿ ಬಂದ ಶಾರ್ಟ್‌ವೇವ್ ಅಲೆಯನ್ನು ಅದು ಬಾಗಿಸಿ ದೂರದ ನೆಲಕ್ಕೆ ಇಳಿಸುತ್ತದೆ. 14 ಮೆಗಾಹರ್ಟ್ಸ್‌ನ ಅಲೆ ಕಡಿದಾಗಿ ಮೇಲೇರಿದರೆ ಬಹಳ ಸಲ ಬಾಗುವುದೇ ಇಲ್ಲ, ಪದರವನ್ನು ಭೇದಿಸಿ ಅಂತರಿಕ್ಷಕ್ಕೆ ಹೊರಟುಹೋಗುತ್ತದೆ. ಹಾಗಾಗಿ ನಿಲಯದ ಸುತ್ತ ನೂರಾರು ಕಿಲೋಮೀಟರ್ ಮೌನದ ಪಟ್ಟಿಯೊಂದು ಬೀಳುತ್ತದೆ. ಲಕ್ಷದ್ವೀಪಕ್ಕೆ ನಾವಿರುವುದು ಎಷ್ಟೋ ಸಲ ಆ ಪಟ್ಟಿಯೊಳಗೇ. ಸುಮಾರು 2,000 ಕಿಲೋಮೀಟರ್ ದೂರದ, ಅಂಡಮಾನಿನ ಪೋರ್ಟ್‌ಬ್ಲೇರ್ ಹಾಗಲ್ಲ. ಒಂದೇ ನೆಗೆತಕ್ಕೆ ಇಲ್ಲಿ ಬಂದಿಳಿಯುವ ಜಾಗ ಅದು.

ಈ ದ್ವೀಪಗಳಿಗೆ ಇಷ್ಟು ಬೇಡಿಕೆ ಏಕೆ? ಹ್ಯಾಮ್‌ಗಳು ಜಗತ್ತನ್ನು 340 ನಾಡುಗಳಾಗಿ ಎಣಿಸುತ್ತಾರೆ. ಅವುಗಳಲ್ಲಿ 100ನ್ನಾದರೂ ಮಾತಾಡಿಸಿ ಖಚಿತಪಡಿಸಿಕೊಂಡರೆ ಪ್ರಶಸ್ತಿಪತ್ರ. ಆ ಎಣಿಕೆಯಲ್ಲಿ ಭಾರತದ ನೆಲ ಒಂದು, ಅಂಡಮಾನ್-ನಿಕೋಬಾರ್ ಬೇರೆ, ಲಕ್ಷದ್ವೀಪ ಮತ್ತೊಂದು. ಈ ದ್ವೀಪಗಳಿಂದ ಪ್ರಸಾರ ಮಾಡಲು ವಿಶೇಷ ಅನುಮತಿ ಬೇಕು. ಅದು ಸಿಕ್ಕು ತಂಡವೊಂದು ಹೋಗಿ ಅಂಟೆನಾ ಎತ್ತುವವರೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಅಂಥ ನಿಲಯ ಬಾಯಿ ತೆರೆದ ಕೂಡಲೇ ನೂರಾರು ಜನ ಒಟ್ಟಿಗೆ ಕೂಗುತ್ತಾರೆ. ಇದಕ್ಕೆ ‘ಪೈಲ್ ಅಪ್’ ಎನ್ನುತ್ತಾರೆ. ಒಬ್ಬರ ಮೇಲೊಬ್ಬರ ದನಿ ಬಿದ್ದು ನಿಲಯವೇ ಮುಚ್ಚಿಹೋಗಬಾರದೆಂದು ಅದು ಒಂದು ಕಡೆ ಮಾತಾಡಿ, ಐದೋ ಹತ್ತೋ ಕಿಲೋಹರ್ಟ್ಸ್ ಮೇಲೆ ಕಿವಿಗೊಡುತ್ತದೆ. ದೊಡ್ಡ ಯಂತ್ರ ಇದ್ದವರೇ ಗೆಲ್ಲುತ್ತಾರೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಲಯ ಈಗಷ್ಟೇ ಯಾರಿಗೆ ಉತ್ತರ ಕೊಟ್ಟಿತು, ಆತ ಎಲ್ಲಿ ಕೂಗಿದ್ದ, ಆಪರೇಟರ್‌ನ ಕಿವಿ ಮೇಲಕ್ಕೆ ಸರಿಯುತ್ತಿದೆಯೋ ಕೆಳಕ್ಕೋ, ಉಸಿರು ಬಿಡುವ ಬಿಡುವು ಎಲ್ಲಿದೆ ಎಂದು ಅರ್ಧ ಗಂಟೆ ಸುಮ್ಮನೆ ಕೇಳಿದವನು, ಆಮೇಲೆ ತನ್ನ ಗುರುತಿನ ಹೆಸರಾದ ಕಾಲ್ ಸೈನ್ ಒಂದೇ ಸಲ ಪೂರ್ತಿಯಾಗಿ ಹೇಳಿ ಒಳಗೆ ಹೋಗಿಬಿಡುತ್ತಾನೆ. ಆಪರೇಟರ್ ‘ಬ್ರಾವೊ ಇಂಡಿಯಾ’ (ಬಿ, ಐ) ಎಂದು ಯಾರದೋ ಎರಡಕ್ಷರ ಹಿಡಿದು ಕೇಳಿದಾಗ, ಆ ಅಕ್ಷರ ತನ್ನದಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟು ಪಾಲಿಸದವರಿಂದಲೇ ಎಷ್ಟೋ ಸಂಜೆಗಳು ಹಾಳಾಗುತ್ತವೆ.

ಇದು ಬರೀ ಆಟವೆಂದು ತಳ್ಳಿಹಾಕುವವರು 2004ರ ಡಿಸೆಂಬರ್ ನೆನೆಯಬೇಕು. ಭಾರತಿ ಪ್ರಸಾದ್ ಮುಂದಾಳತ್ವದ ಹ್ಯಾಮ್ ತಂಡ ಪೋರ್ಟ್‌ಬ್ಲೇರ್‌ನಿಂದ ವಿಯು4ಆರ್‌ಬಿಐ, ವಿಯು4ಎನ್‌ಆರ್‌ಒ ಎಂಬ ಕಾಲ್ ಸೈನ್‌ಗಳಲ್ಲಿ ಜಗತ್ತಿಗೆ ಉತ್ತರ ಕೊಡುತ್ತಿತ್ತು. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನ್ ಸಂಪರ್ಕ ಕಡಿಯಿತು. ತಂಡ ಮಾತಾಡಿಸಿದವರ ಲೆಕ್ಕ ಬಿಟ್ಟು ಅದೇ ರೇಡಿಯೊಗಳಿಂದ ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸತೊಡಗಿತು. ತಂಡದವರು ಕಾರ್ ನಿಕೋಬಾರ್‌ಗೂ ಹೋಗಿ ನಿಲಯ ಹೂಡಿದರು. ಕ್ಷೀಣ ದನಿಯಲ್ಲಿ ಬಂದ ಹೆಸರನ್ನು ಒಂದಕ್ಷರ ತಪ್ಪದೆ ಬರೆದುಕೊಳ್ಳುವುದು, ಒಬ್ಬರು ಮಾತಾಡುವಾಗ ಉಳಿದವರು ಕಾಯುವುದು, ಇವೆರಡೂ ಪೈಲ್ ಅಪ್‌ನಲ್ಲಿ ಪ್ರತಿ ದಿನ ತಾಲೀಮಾಗುವ ಕೆಲಸಗಳೇ. ನನ್ನ ಮಟ್ಟಿಗೆ ಈ ಹವ್ಯಾಸಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಹ್ಯಾಮ್ ರೇಡಿಯೊದಲ್ಲಿ ಮಾತಾಡಲು ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಕೇಳುವುದರಲ್ಲಿ ನಮ್ಮ ಹಳ್ಳಿಯ ಕಡೆಯವರಿಗೆ ಒಂದು ಅನುಕೂಲವಿದೆ. ಪಟ್ಟಣದಲ್ಲಿ ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳು ಎಬ್ಬಿಸುವ ಗರಗರ ಸದ್ದಿನಲ್ಲಿ ಸಣ್ಣ ದನಿಗಳು ಮುಳುಗಿಹೋಗುತ್ತವೆ. ಹೊಲದ ಮನೆಯಲ್ಲಿ, ಪಂಪ್‌ಸೆಟ್ ನಿಂತ ಹೊತ್ತಿನಲ್ಲಿ, ಅವು ಎದ್ದು ಕೇಳುತ್ತವೆ. 14 ಮೆಗಾಹರ್ಟ್ಸ್‌ಗೆ ಎರಡು ತೆಂಗಿನ ಮರಗಳ ನಡುವೆ ಸುಮಾರು 10 ಮೀಟರ್ ತಂತಿ ಕಟ್ಟಿ, ಮಧ್ಯದಲ್ಲಿ ಕೇಬಲ್ ಜೋಡಿಸಿದರೆ ಅಂಟೆನಾ ಸಿದ್ಧ. ಲಕ್ಷದ್ವೀಪವನ್ನೇ ಹಿಡಿಯಬೇಕೆಂದರೆ 7 ಮೆಗಾಹರ್ಟ್ಸ್‌ಗೆ ಇಳಿಯಿರಿ, ತಂತಿಯನ್ನು 20 ಮೀಟರ್ ಮಾಡಿ. ಆ ಅಲೆ ಹಗಲಿನಲ್ಲಿ ಕಡಿದಾಗಿ ಏರಿದರೂ ಸಾಮಾನ್ಯವಾಗಿ ಬಾಗಿ, 600 ಕಿಲೋಮೀಟರ್ ಒಳಗೇ ಇಳಿಯುತ್ತದೆ.