ವೇಡಂತಾಂಗಲ್ ಕೆರೆಗೆ ಮಕ್ಕಳೊಡನೆ

(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಹಗಲೆಲ್ಲ ಮಿಲ್ಲಿನಲ್ಲಿ ಮೂಟೆಗಳ ಲೆಕ್ಕ ಬರೆದು, ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು ನಾವು. ಓದಿದ್ದೂ ಮೆಟ್ರಿಕ್ಯುಲೇಷನ್‌ವರೆಗೆ ಮಾತ್ರ. ಆದರೆ ಕಳೆದ ಜನವರಿಯಲ್ಲಿ ವಾಚನಾಲಯದ ಮಕ್ಕಳನ್ನು ವೇಡಂತಾಂಗಲ್ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದವರು ನಾವಾದ್ದರಿಂದ, ಅದರ ವರದಿ ಒಪ್ಪಿಸುವ ಹೊಣೆಯೂ ನಮ್ಮದೇ ಎಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಈ ವರದಿಯಲ್ಲಿ ನಮ್ಮ ತಪ್ಪೊಂದು ಸೇರಿದೆ. ಅದನ್ನು ಮುಚ್ಚಿಡುವುದಿಲ್ಲ.

ಮೊದಲು, ಹೋದದ್ದೇಕೆ ಎಂದು ಹೇಳಬೇಕು. ನಮ್ಮಲ್ಲಿ ಬಹುಮಂದಿ ಕೆರೆಯ ಏರಿಯ ಮೇಲೆ ಓಡಾಡಿ ಬೆಳೆದವರು. ಈಗ ಚೆನ್ನೈಯಲ್ಲಿ ಒಂದೆರಡು ಕೋಣೆಯ ಬಾಡಿಗೆ ಮನೆಗಳಲ್ಲಿದ್ದೇವೆ. ನಮ್ಮ ಮಕ್ಕಳು ಬಲ್ಲ ಹಕ್ಕಿಗಳೆಂದರೆ ಕಾಗೆ ಮತ್ತು ಪಾರಿವಾಳ. ಒಂದು ಸಂಜೆ ಇಲ್ಲಿಯೇ ಪುಸ್ತಕದಲ್ಲಿ ಕೊಕ್ಕರೆಯ ಚಿತ್ರ ನೋಡುತ್ತಿದ್ದ ಹುಡುಗಿಯೊಬ್ಬಳು, "ಮಾವ, ಇದು ನಿಜವಾಗಿ ಇದೆಯಾ, ಇಲ್ಲಾ ಕತೆಯಲ್ಲಿ ಮಾತ್ರವಾ?" ಎಂದು ಕೇಳಿದಳು. ಆ ಮಾತು ಮನಸ್ಸಿಗೆ ನಾಟಿತು. ಪ್ರವಾಸ ಅಂದೇ ನಿಶ್ಚಯವಾಯಿತು.

ಹದಿನಾಲ್ಕು ಮಕ್ಕಳು, ದೊಡ್ಡವರು ಆರು ಮಂದಿ. ತಾಂಬರಂನಿಂದ ಚೆಂಗಲ್ಪಟ್ಟಿನವರೆಗೆ ಲೋಕಲ್ ರೈಲು, ಅಲ್ಲಿಂದ ಬಾಡಿಗೆಯ ವ್ಯಾನು. ಚೆನ್ನೈಯಿಂದ ಒಟ್ಟು ಸುಮಾರು ಎಂಬತ್ತು ಕಿಲೋಮೀಟರ್. ಬುತ್ತಿಗೆ ಚಿತ್ರಾನ್ನ, ಮೊಸರನ್ನ. ದಾರಿಯ ವಿಷಯ ಇಷ್ಟು ಸಾಕು.

ವೇಡಂತಾಂಗಲ್ ಕಾಡಲ್ಲ, ಒಂದು ಊರಿನ ಕೆರೆ. ವಿಸ್ತಾರ ಸುಮಾರು ಮೂವತ್ತು ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಎಪ್ಪತ್ತೈದು ಎಕರೆ. ನೀರಿನ ನಡುವೆಯೇ ಮರಗಳು ನಿಂತಿವೆ, ಮರಗಳ ತುಂಬ ಗೂಡುಗಳು. ಈಶಾನ್ಯ ಮಾರುತದ ಮಳೆ ಸುರಿದು ಕೆರೆ ತುಂಬಿದರೆ ನವೆಂಬರಿನಿಂದ ಹಕ್ಕಿಗಳು ಸೇರುತ್ತವೆ, ಮರಿ ಮಾಡಿ ಬೇಸಗೆಗೆ ಮುಂಚೆ ಹೊರಡುತ್ತವೆ. ಮಳೆ ಕೈಕೊಟ್ಟ ವರ್ಷ ಅವೂ ಕೈಕೊಡುತ್ತವೆ. ಏರಿಯ ಮೇಲೆ ನಡೆಯಲು ದಾರಿಯಿದೆ, ಹತ್ತಿ ನೋಡಲು ಗೋಪುರವೂ ಇದೆ.

ಏರಿ ಹತ್ತಿದೊಡನೆ ಮಕ್ಕಳು ತಾವಾಗಿಯೇ ಮೌನವಾದರು. ಬಣ್ಣದ ಕೊಕ್ಕರೆಗಳು, ಬೆಳ್ಳಕ್ಕಿಗಳು, ನೀರುಕಾಗೆಗಳು. ಮೈಯೆಲ್ಲ ನೀರೊಳಗಿಟ್ಟು ಕತ್ತು ಮಾತ್ರ ಹಾವಿನಂತೆ ಹೊರಗೆ ಚಾಚಿದ ಹಾವಕ್ಕಿ. ಒಂದು ಬಗೆಯ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿದಿರುತ್ತದೆ. ಅದು ಬಸವನಹುಳುಗಳನ್ನು ತಿಂದು ಬದುಕುವ ಹಕ್ಕಿ. ಇನ್ನು ಕೊಕ್ಕಿನ ಕೆಳಗೆ ದೊಡ್ಡ ಚೀಲವುಳ್ಳ ಹಕ್ಕಿ. ಆ ಚೀಲದಿಂದ ನೀರನ್ನೂ ಮೀನನ್ನೂ ಒಟ್ಟಿಗೆ ಮೊಗೆದು, ನೀರು ಸೋರಿಸಿ, ಮೀನು ನುಂಗುತ್ತದೆ. ಮರಿಗಳು ತಾಯಿಯ ಗಂಟಲಿಗೇ ತಲೆ ಹಾಕಿ ಊಟ ಮಾಡುವುದನ್ನು ಕಂಡು ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು.

ಇಲ್ಲಿ ನಮ್ಮ ತಪ್ಪಿನ ಮಾತು ಬರುತ್ತದೆ. ಎಂಟು ವರ್ಷದ ಹುಡುಗನೊಬ್ಬ, "ಇವು ಹಾರುವುದೇ ಇಲ್ಲವಾ ಮಾವ?" ಎಂದ. ಊರಿನಲ್ಲಿ ನಾವು ಮಾಡುತ್ತಿದ್ದುದು ನೆನಪಾಗಿ, "ಒಂದು ಕಲ್ಲು ಬೀಸಿದರೆ ಎಲ್ಲವೂ ಒಟ್ಟಿಗೆ ಎದ್ದಾವು, ನೋಡಲು ಚೆಂದ" ಎಂದುಬಿಟ್ಟೆವು. ಹುಡುಗ ಕಲ್ಲು ಎತ್ತಿಯೇಬಿಟ್ಟ. ದಾರಿಯ ಪಕ್ಕದಲ್ಲಿದ್ದ ಆ ಊರಿನ ಮುದುಕಿಯೊಬ್ಬರು ಎದ್ದು ಬಂದು ಅವನ ಮುಂಗೈ ಹಿಡಿದರು. ಬೈಯಲಿಲ್ಲ. "ದೊಡ್ಡ ಹಕ್ಕಿ ಬೆದರಿ ಎದ್ದರೆ ಗೂಡಿನ ಮರಿ ನೀರಿಗೆ ಬೀಳುತ್ತದೆ, ಕಂದ. ಬಿದ್ದ ಮರಿಯನ್ನು ತಾಯಿ ಎತ್ತಿಕೊಳ್ಳಲಾರದು. ಅದಕ್ಕೆ ಕೈ ಇಲ್ಲವಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಹುಡುಗ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು ನಮ್ಮ ಮುಖ ನೋಡಿದ. ಕಲ್ಲು ಎತ್ತಿದವನು ಅವನು, ಎತ್ತಿಸಿದವರು ನಾವು. ಮುದುಕಿಗೆ ಕೈಮುಗಿದು, ಮಕ್ಕಳೆಲ್ಲರ ಎದುರಿಗೆ ತಪ್ಪೊಪ್ಪಿಕೊಂಡೆವು.

ಆ ಮುದುಕಿಗೆ ಅಷ್ಟು ಅಧಿಕಾರ ಬಂದದ್ದೆಲ್ಲಿಂದ? ಅದಕ್ಕೊಂದು ಚರಿತ್ರೆಯುಂಟು. ತಮಿಳಿನ 'ವೇಡನ್' ನಮ್ಮ 'ಬೇಡ'ನೇ. ಊರಿನ ಹೆಸರಿಗೆ ಬೇಡರ ನೆಲೆ ಎಂದು ಅರ್ಥ ಹೇಳುತ್ತಾರೆ. ಹೆಸರು ಬೇಡನದು, ಊರು ಹಕ್ಕಿಗಳದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಇಲ್ಲಿಗೆ ಬಂದು ಹಕ್ಕಿಗಳಿಗೆ ಗುಂಡು ಹಾರಿಸಿದರು. ಊರಿನ ರೈತರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ ಎಂಬವನ ಬಳಿ ಹೋಗಿ, ನಮ್ಮ ಕೆರೆಯಲ್ಲಿ ಬೇಟೆ ಕೂಡದು ಎಂದು ಬೇಡಿಕೊಂಡರು. 1798ರ ಹೊತ್ತಿಗೆ ಲಿಖಿತವಾದ ಕೌಲನ್ನೇ ಪಡೆದರು. 1858ರಲ್ಲಿ ಅದನ್ನು ಹೊಸದಾಗಿ ಮಾಡಿಸಿಕೊಂಡರು. ಸರ್ಕಾರ ಇದನ್ನು ಪಕ್ಷಿಧಾಮವೆಂದು ಗುರುತಿಸಿದ್ದು 1936ರಲ್ಲಿ. 2022ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಯಲ್ಲಿ ಇದರ ಹೆಸರು ಸೇರಿತು. ಇವೆಲ್ಲಕ್ಕೂ ಮೊದಲು ಕಾದವರು ಬಡ ಒಕ್ಕಲುಮಕ್ಕಳು. ನಾವು ಗುಮಾಸ್ತರು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಎಷ್ಟು ಬಾಗಿಲು ತಟ್ಟಬೇಕೆಂದು ಬಲ್ಲೆವು. ಹಕ್ಕಿಗಳ ಪರವಾಗಿ ಬಾಗಿಲು ತಟ್ಟಿದ ಆ ಜನಕ್ಕೆ ನಮಸ್ಕಾರ.

ಅವರದು ಬರಿಯ ದಯೆಯಲ್ಲ, ವಿವೇಕವೂ ಹೌದು. ಸಾವಿರಾರು ಹಕ್ಕಿಗಳ ಹಿಕ್ಕೆ ಕೆರೆಗೆ ಬೀಳುತ್ತದೆ. ಆ ನೀರು ಗೊಬ್ಬರದ ನೀರಾಗಿ ಗದ್ದೆಗೆ ಹರಿಯುತ್ತದೆ, ಭತ್ತ ಹುಲುಸಾಗಿ ಬೆಳೆಯುತ್ತದೆ. ಹಕ್ಕಿಗೆ ರೈತನ ಕಾವಲು, ರೈತನಿಗೆ ಹಕ್ಕಿಯ ಗೊಬ್ಬರ. ಈ ಕೊಡುಕೊಳ್ಳುವ ಲೆಕ್ಕದಲ್ಲಿ ಯಾರಿಗೂ ಬಾಕಿಯಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೊದಲು ಹೇಳಿದ ಹುಡುಗಿ ಕೇಳಿದಳು: "ಆ ಚೀಲದ ಕೊಕ್ಕಿನ ಹಕ್ಕಿಗೆ ಇಂಗ್ಲಿಷಿನಲ್ಲಿ ಪೆಲಿಕನ್ ಅಂತಾರೆ, ಶಾಲೆಯಲ್ಲಿ ಹೇಳಿದ್ದಾರೆ. ಕನ್ನಡದಲ್ಲಿ ಏನು?" ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕನ್ನಡದ ಉಳಿವಿನ ಬಗ್ಗೆ ಇದೇ ವಾಚನಾಲಯದಲ್ಲಿ ಗಂಟೆಗಟ್ಟಲೆ ಮಾತಾಡುವವರಿಗೆ ಒಂದು ಹಕ್ಕಿಯ ಹೆಸರು ಬಾರದು! ಆಗ ಮಕ್ಕಳಿಗೆ ನೀರು ಕೊಡುತ್ತಿದ್ದ ಮದ್ದೂರು ಕಡೆಯ ಅಣ್ಣ, ನಮ್ಮ ಮಿಲ್ಲಿನಲ್ಲಿ ಮೂಟೆ ಹೊರುವವರು, ನಕ್ಕು ಹೇಳಿದರು: "ಅಯ್ಯೋ, ಅದು ಹೆಜ್ಜಾರ್ಲೆ ಕಣವ್ವ! ನಮ್ ಕಡೆ ಕೊಕ್ಕರೆ ಬೆಳ್ಳೂರಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ತವೆ."

ಈ ಅಣ್ಣನಿಗೆ ಓದು ಬರದು. ಪತ್ರಿಕೆಯನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಕೇಳಲು ಇಲ್ಲಿಗೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅಂದು ಮಕ್ಕಳೆಲ್ಲ ಅವರನ್ನು ಸುತ್ತಿಕೊಂಡರು. ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹಳ್ಳಿ. ಅಲ್ಲಿ ಹಕ್ಕಿಗಳು ಮನೆಗಳ ನಡುವಿನ ಮರಗಳಲ್ಲಿಯೇ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಗೂಡಿರುವ ಮರದ ಹುಣಸೆ ಬಡಿಯದೆ ಬಿಡುವುದೂ ಉಂಟು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ತಮಿಳು ಊರೊಂದರ ಮುದುಕಿಯೂ ಮಂಡ್ಯದ ಹಳ್ಳಿಯ ಜನರೂ ಒಂದೇ ಪಾಠ ಹೇಳುತ್ತಾರೆ: ಮನೆಗೆ ಬಂದವರನ್ನು ಬೆದರಿಸಬಾರದು. ಊರು ಬಿಟ್ಟು ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಮಗೆ ಈ ಪಾಠದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ರೈಲಿನಲ್ಲಿ ಹಿಂತಿರುಗುವಾಗ ಮಕ್ಕಳು "ಹೆಜ್ಜಾರ್ಲೆ, ಹೆಜ್ಜಾರ್ಲೆ" ಎಂದು ಪದ ಕಟ್ಟಿ ಹಾಡಿದರು. ಕಲ್ಲು ಎತ್ತಿದ್ದ ಹುಡುಗ ಮದ್ದೂರಿನ ಅಣ್ಣನ ತೊಡೆಯ ಮೇಲೆ ನಿದ್ದೆ ಹೋದ.

ಇನ್ನು ಹೋಗುವವರಿಗೆ ಕೆಲವು ಮಾತು. ಡಿಸೆಂಬರ್, ಜನವರಿ ತಿಂಗಳು ಉತ್ತಮ. ಬೆಳಗ್ಗೆ ಬೇಗ ತಲುಪಿ. ಇಲ್ಲವಾದರೆ ಸಂಜೆ ಗೂಡಿಗೆ ಮರಳುವ ಹೊತ್ತು ನೋಡಿ. ಮೊಬೈಲಿನಲ್ಲಿ ಹಾಡು ಹಾಕಬೇಡಿ. ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತನ್ನಿ. ಮಕ್ಕಳ ಕೈಗೆ ಒಂದು ಪೆನ್ಸಿಲು, ಒಂದು ಹಾಳೆ ಕೊಡಿ. ಅಷ್ಟು ದೂರ ಹೋಗಲು ಅನುಕೂಲವಿಲ್ಲದವರಿಗೆ ನಗರದೊಳಗೇ ಗಿಂಡಿಯ ಕಾಡಿದೆ. ಅಲ್ಲಿ ಜಿಂಕೆಗಳೂ ಕೃಷ್ಣಮೃಗಗಳೂ ಇವೆ. ಪಕ್ಕದ ಮಕ್ಕಳ ಉದ್ಯಾನಕ್ಕೆ ಅರ್ಧ ದಿನ ಸಾಕು.

ಕೊನೆಯದಾಗಿ ಒಂದು ವಿನಂತಿ. ವಾಚನಾಲಯದ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇವೆ. ನಿಮ್ಮ ನಿಮ್ಮ ಊರಿನಲ್ಲಿ ಹಕ್ಕಿ, ಮರ, ಮೀನುಗಳನ್ನು ಕರೆಯುವ ಹೆಸರುಗಳನ್ನು ಅದರಲ್ಲಿ ಬರೆಯಿರಿ. ಬರೆಯಲು ಬಾರದವರು ಹೇಳಿರಿ, ನಮ್ಮ ಮಕ್ಕಳು ಬರೆದುಕೊಳ್ಳುತ್ತಾರೆ. ಮೊದಲನೆಯ ಪುಟದಲ್ಲಿ ಮದ್ದೂರಿನ ಅಣ್ಣ ಹೇಳಿದ ಹನ್ನೊಂದು ಹೆಸರುಗಳಿವೆ. ಎರಡನೆಯ ಪುಟ ಖಾಲಿಯಿದೆ.